ಬಳಸಿದ ಭಾರೀ ನಿರ್ಮಾಣ ಯಂತ್ರಗಳಲ್ಲಿ ವಿದ್ಯುನ್ಮಾನ ಸಂವಹನ ದೋಷ: ಪತ್ತೆ ಹಚ್ಚುವ ಕ್ರಮ ಹಾಗೂ ಖರೀದಿದಾರರಿಗೆ ಮಾಹಿತಿ

ಪೀಠಿಕೆ

ಕುಷ್ಟಗಿ ತಾಲ್ಲೂಕಿನ ಗ್ರಾನೈಟ್ ಕ್ವಾರಿಗಳು, ಗಂಗಾವತಿ ಭಾಗದ ಕಾಲುವೆ ಹಾಗೂ ಗದ್ದೆಗಳ ಮಣ್ಣಿನ ಕೆಲಸ, ಯಲಬುರ್ಗಾ ಭಾಗದ ರಸ್ತೆ ಹಾಗೂ ರೈಲು ಮಾರ್ಗದ ಕಾಮಗಾರಿ, ಕೊಪ್ಪಳ ಸಮೀಪದ ಗಿಣಿಗೇರಾ ಪ್ರದೇಶದ ಕಾರ್ಖಾನೆಗಳು ಇವೆಲ್ಲವುಗಳಲ್ಲಿ ಭಾರೀ ಯಂತ್ರಗಳ ಬಳಕೆ ಇರುತ್ತದೆ. ಜನಸಾಮಾನ್ಯರು ಜೆಸಿಬಿ, ಹಿಟಾಚಿ ಎಂದು ಕರೆಯುವ ಈ ಯಂತ್ರಗಳನ್ನು ಅನೇಕರು ಸಾಲ ಪಡೆದು, ಬಳಸಿದ ಸ್ಥಿತಿಯಲ್ಲಿ ಖರೀದಿಸುತ್ತಾರೆ. ಯಂತ್ರವು ಕೆಲಸವಿಲ್ಲದೆ ನಿಂತರೂ ಸಾಲದ ಮಾಸಿಕ ಕಂತು ನಿಲ್ಲುವುದಿಲ್ಲ. ಇತ್ತೀಚಿನ ಯಂತ್ರಗಳು ನಿಲ್ಲಲು ಸಂವಹನ ದೋಷವೂ ಒಂದು ಕಾರಣವಾಗಿದೆ. ಇಂತಹ ದೋಷ ಕಂಡ ಕೂಡಲೇ ದುಬಾರಿ ನಿಯಂತ್ರಣ ಪೆಟ್ಟಿಗೆಯನ್ನು ಬದಲಾಯಿಸುವ ಮೊದಲು ವೈರಿಂಗ್ ಪರೀಕ್ಷಿಸುವುದು ಅವಶ್ಯಕ ಎಂಬುದನ್ನು ತಿಳಿಸುವುದೇ ಈ ಮಾಹಿತಿಯ ಉದ್ದೇಶವಾಗಿರುತ್ತದೆ.

1. ಸಂವಹನ ವ್ಯವಸ್ಥೆ ಎಂದರೇನು?

ಹಳೆಯ ಯಂತ್ರಗಳಲ್ಲಿ ಡೀಸೆಲ್ ಪಂಪು ಯಾಂತ್ರಿಕವಾಗಿರುತ್ತಿತ್ತು. ಹೊಸ ಯಂತ್ರಗಳಲ್ಲಿ ಇಂಜಿನ್, ಹೈಡ್ರಾಲಿಕ್, ಗೇರ್ ಹಾಗೂ ಚಾಲಕರ ಮುಂದಿನ ಪರದೆಗೆ ಪ್ರತ್ಯೇಕ ನಿಯಂತ್ರಣ ಪೆಟ್ಟಿಗೆಗಳು (ಇ.ಸಿ.ಯು.) ಇರುತ್ತವೆ. ಇವು ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೂಲಕ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕ್ಯಾನ್ ಎಂದು ಕರೆಯಲಾಗುವ ಈ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಪಡಿಸಿತು. ಭಾರೀ ವಾಹನಗಳಲ್ಲಿ ಇದನ್ನು ಸಾಮಾನ್ಯವಾಗಿ ಜೆ1939 ಎಂಬ ಮಾನಕದಂತೆ ಅಳವಡಿಸಲಾಗುತ್ತದೆ.

ಭಾರತದಲ್ಲಿ ನಿರ್ಮಾಣ ಯಂತ್ರಗಳಿಗೆ ಸಿ.ಇ.ವಿ. ನಾಲ್ಕನೇ ಹಂತದ ಹೊಗೆ ನಿಯಮವು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಂತರ ವಿದ್ಯುನ್ಮಾನ ಇಂಜಿನ್‌ಗಳ ಬಳಕೆ ಹೆಚ್ಚಾಗಿದೆ. ಆ ನಂತರ ತಯಾರಾದ ಯಂತ್ರಗಳು ಈಗ ಮರುಮಾರಾಟಕ್ಕೆ ಬರುತ್ತಿರುವುದರಿಂದ, ಖರೀದಿದಾರರು ಇಂಜಿನ್ ಮತ್ತು ಬಕೆಟ್ ನೋಡಿದರೆ ಮಾತ್ರ ಸಾಲದು.

2. ದೋಷದ ಲಕ್ಷಣಗಳು

ಪರದೆಯಲ್ಲಿ ಮಾಹಿತಿ ಬಾರದಿರುವುದು, ಇಂಜಿನ್ ಕಡಿಮೆ ವೇಗದಲ್ಲಿಯೇ ನಿಲ್ಲುವುದು, ಗೇರ್ ಬೀಳದಿರುವುದು, ಹಲವು ಎಚ್ಚರಿಕೆ ದೀಪಗಳು ಒಟ್ಟಿಗೆ ಬೆಳಗುವುದು, ಯಂತ್ರ ಅಲುಗಾಡಿದಾಗ ದೋಷ ಬಂದು ಹೋಗುವುದು ಇವು ಮುಖ್ಯ ಲಕ್ಷಣಗಳು. ಒಂದೇ ಸಲಕ್ಕೆ ಹಲವು ಪೆಟ್ಟಿಗೆಗಳು ದೋಷ ತೋರಿಸಿದಲ್ಲಿ, ಎಲ್ಲ ಪೆಟ್ಟಿಗೆಗಳೂ ಕೆಟ್ಟಿವೆ ಎಂದು ಭಾವಿಸತಕ್ಕದ್ದಲ್ಲ. ಅವೆಲ್ಲಕ್ಕೂ ಸಾಮಾನ್ಯವಾದ ತಂತಿ, ಫ್ಯೂಸ್ ಅಥವಾ ಅರ್ತ್ ಸಂಪರ್ಕದಲ್ಲಿ ದೋಷವಿರುವ ಸಂಭವವೇ ಹೆಚ್ಚು.

3. ಸಾಮಾನ್ಯ ಕಾರಣಗಳು

ಅ) ಬ್ಯಾಟರಿ ಸಂಪರ್ಕ ತೆಗೆಯದೆ ಬಕೆಟ್ ಅಥವಾ ಬೂಮ್‌ಗೆ ವೆಲ್ಡಿಂಗ್ ಮಾಡುವುದು.
ಆ) ಕ್ವಾರಿಯ ಕಲ್ಲಿನ ಧೂಳು ಹಾಗೂ ತೊಳೆಯುವಾಗ ರಭಸದ ನೀರು ಕನೆಕ್ಟರ್‌ಗಳ ಒಳಗೆ ಸೇರಿ ಪಿನ್‌ಗಳಿಗೆ ಕಿಲುಬು ಹಿಡಿಯುವುದು.
ಇ) ಯಂತ್ರವು ಬಹುದಿನ ನಿಂತಾಗ ಇಲಿಗಳು ತಂತಿ ಕಡಿಯುವುದು.
ಈ) ಹೆಚ್ಚುವರಿ ದೀಪ, ಹಾರ್ನ್ ಅಥವಾ ಜಿ.ಪಿ.ಎಸ್. ಅಳವಡಿಸುವಾಗ ಮೂಲ ತಂತಿಯನ್ನು ಕೊರೆದು ಟೇಪು ಸುತ್ತಿ ಜೋಡಿಸುವುದು.
ಉ) ಬೂಮ್‌ನ ಕೀಲು ಅಥವಾ ಚಾಸಿಸ್ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಸವೆಯುವುದು.

4. ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮೊದಲು ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಡತಕ್ಕದ್ದು. ತಯಾರಕರ ಕೈಪಿಡಿಯನ್ನು ಹತ್ತಿರ ಇಟ್ಟುಕೊಂಡು, ಅನುಭವವುಳ್ಳ ಎಲೆಕ್ಟ್ರಿಷಿಯನ್‌ರಿಂದ ಈ ಕೆಳಕಂಡ ಕ್ರಮದಲ್ಲಿ ಪರೀಕ್ಷೆ ಮಾಡಿಸುವುದು ಸೂಕ್ತ.

ಮೊದಲ ಹಂತ: ಪರದೆಯಲ್ಲಿ ಕಾಣುವ ದೋಷ ಸಂಖ್ಯೆಗಳನ್ನು ಬ್ಯಾಟರಿ ತೆಗೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಜೆ1939 ಪದ್ಧತಿಯಲ್ಲಿ ದೋಷವನ್ನು ಎಸ್.ಪಿ.ಎನ್. ಮತ್ತು ಎಫ್.ಎಂ.ಐ. ಎಂಬ ಎರಡು ಸಂಖ್ಯೆಗಳಿಂದ ಸೂಚಿಸಲಾಗುತ್ತದೆ. ಎಸ್.ಪಿ.ಎನ್. 639 ಎಂಬುದು ಸಂವಹನ ಜಾಲವನ್ನೂ, ಎಫ್.ಎಂ.ಐ. 9 ಎಂಬುದು ನಿರೀಕ್ಷಿತ ಸಮಯಕ್ಕೆ ಮಾಹಿತಿ ಬರುತ್ತಿಲ್ಲ ಎಂಬುದನ್ನೂ ಸೂಚಿಸುತ್ತದೆ. ಮಾಹಿತಿ ಬಂದಿಲ್ಲವೆಂದು ದೂರುವ ಪೆಟ್ಟಿಗೆಯು ಸರಿಯಿದ್ದು, ಕಳುಹಿಸಬೇಕಾದ ಪೆಟ್ಟಿಗೆಗೆ ವಿದ್ಯುತ್ತೇ ತಲುಪದಿರಬಹುದು.

ಎರಡನೇ ಹಂತ: ಬ್ಯಾಟರಿ, ಫ್ಯೂಸ್ ಮತ್ತು ಅರ್ತ್ ಪರಿಶೀಲನೆ. 24 ವೋಲ್ಟ್ ವ್ಯವಸ್ಥೆಯಲ್ಲಿ ಇಂಜಿನ್ ಓಡುವಾಗ ಸಾಮಾನ್ಯವಾಗಿ ಸುಮಾರು 27ರಿಂದ 28 ವೋಲ್ಟ್ ಇರಬೇಕು. ಸಡಿಲವಾದ ಅರ್ತ್ ಬೋಲ್ಟ್ ಒಂದರಿಂದಲೇ ಸಂವಹನ ಕಡಿದುಹೋಗಬಹುದು.

ಮೂರನೇ ಹಂತ: ಓಮ್ ಅಳತೆ. ತಂತಿಗಳ ಎರಡೂ ತುದಿಗಳಲ್ಲಿ ತಲಾ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಕೀಲಿ ತೆಗೆದು, ಬ್ಯಾಟರಿ ಸಂಪರ್ಕ ಬಿಡಿಸಿ, ಎರಡು ತಂತಿಗಳ ನಡುವೆ ಮಲ್ಟಿಮೀಟರ್‌ನಿಂದ ಅಳೆಯಬೇಕು. ಜೆ1939 ಪದ್ಧತಿಯ ಒಂಬತ್ತು ಪಿನ್‌ಗಳ ದುಂಡನೆಯ ಪರೀಕ್ಷಾ ಕನೆಕ್ಟರ್ ಇದ್ದಲ್ಲಿ ಇವು ಸಿ ಮತ್ತು ಡಿ ಪಿನ್‌ಗಳಾಗಿರುತ್ತವೆ. ಅಳತೆಯ ಅರ್ಥ ಈ ಕೆಳಕಂಡಂತಿದೆ:

• ಸುಮಾರು 60 ಓಮ್: ಎರಡೂ ರೆಸಿಸ್ಟರ್‌ಗಳು ಹಾಗೂ ಮುಖ್ಯ ತಂತಿ ಸರಿಯಿವೆ.
• ಸುಮಾರು 120 ಓಮ್: ಒಂದು ರೆಸಿಸ್ಟರ್ ಇಲ್ಲ ಅಥವಾ ತಂತಿ ಒಂದು ಕಡೆ ತುಂಡಾಗಿದೆ.
• ಸುಮಾರು 40 ಓಮ್: ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ.
• ಶೂನ್ಯದ ಸಮೀಪ: ಎರಡು ತಂತಿಗಳು ಒಂದಕ್ಕೊಂದು ತಾಗಿವೆ.

ಕೆಲವು ಯಂತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ಜಾಲಗಳಿರುವುದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ನಾಲ್ಕನೇ ಹಂತ: ವೋಲ್ಟ್ ಅಳತೆ. ಬ್ಯಾಟರಿ ಮರುಜೋಡಿಸಿ ಕೀಲಿ ಹಾಕಿದಾಗ, ಅರ್ತ್‌ಗೆ ಹೋಲಿಸಿ ಒಂದು ತಂತಿಯಲ್ಲಿ 2.5 ವೋಲ್ಟ್‌ಗಿಂತ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಇರಬೇಕು. ಶೂನ್ಯ ಅಥವಾ ಬ್ಯಾಟರಿಯಷ್ಟೇ ವೋಲ್ಟ್ ಕಂಡಲ್ಲಿ ತಂತಿಯು ಚಾಸಿಸ್‌ಗೆ ಅಥವಾ ವಿದ್ಯುತ್ ತಂತಿಗೆ ತಾಗಿದೆ ಎಂದು ತಿಳಿಯಬೇಕು. ಈ ತಂತಿಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯತಕ್ಕದ್ದಲ್ಲ.

ಐದನೇ ಹಂತ: ದೋಷವು ಮುಂದುವರಿದಲ್ಲಿ ಕೀಲಿ ತೆಗೆದು ಒಂದೊಂದೇ ಪೆಟ್ಟಿಗೆಯ ಕನೆಕ್ಟರ್ ಬಿಡಿಸಿ, ಪ್ರತಿ ಬಾರಿಯೂ ಪುನಃ ಅಳೆಯಬೇಕು. ಯಾವುದನ್ನು ಬಿಡಿಸಿದಾಗ ಉಳಿದ ಜಾಲ ಸರಿಯಾಗುವುದೋ ಆ ಪೆಟ್ಟಿಗೆ ಅಥವಾ ಅದರ ತಂತಿಯಲ್ಲಿ ದೋಷವಿರುತ್ತದೆ. ಬಂದು ಹೋಗುವ ದೋಷಕ್ಕೆ ತಂತಿಯ ಕಟ್ಟನ್ನು ಸ್ಥಳದಿಂದ ಸ್ಥಳಕ್ಕೆ ಮೆಲ್ಲಗೆ ಅಲುಗಾಡಿಸುತ್ತಾ ಮೀಟರ್ ಗಮನಿಸಬೇಕು.

ಮೇಲ್ಕಂಡ ಎಲ್ಲ ಹಂತಗಳ ನಂತರವೇ ಪೆಟ್ಟಿಗೆ ಬದಲಾವಣೆಯ ಬಗ್ಗೆ ಯೋಚಿಸತಕ್ಕದ್ದು. ಬೇರೆ ಯಂತ್ರದಿಂದ ತೆಗೆದ ಪೆಟ್ಟಿಗೆಯು ನೋಡಲು ಒಂದೇ ರೀತಿ ಇದ್ದರೂ, ಅದರ ಒಳಗಿನ ಪ್ರೋಗ್ರಾಂ ಹೊಂದದಿದ್ದಲ್ಲಿ ಕೆಲಸ ಮಾಡುವುದಿಲ್ಲ. ಜಾಲದ ದೋಷ ಉಳಿದಿರುವಾಗ ಹೊಸ ಪೆಟ್ಟಿಗೆ ಹಾಕಿದರೆ ಹಣ ವ್ಯಯವಾಗುತ್ತದೆಯೇ ಹೊರತು ಯಂತ್ರ ಓಡುವುದಿಲ್ಲ.

5. ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

• ಕೀಲಿ ಹಾಕಿದಾಗ ಎಚ್ಚರಿಕೆ ದೀಪಗಳು ಒಮ್ಮೆ ಬೆಳಗಿ ಆರಬೇಕು. ಬೆಳಗದೇ ಇದ್ದಲ್ಲಿ ದೀಪವನ್ನೇ ತೆಗೆದಿರುವ ಸಾಧ್ಯತೆ ಇರುತ್ತದೆ.
• ಯಂತ್ರವನ್ನು ತಣ್ಣಗಿರುವಾಗ ಚಾಲೂ ಮಾಡಿಸಿ, ಬಿಸಿಯಾಗುವವರೆಗೆ ಕೆಲಸ ಮಾಡಿಸಿ ನೋಡಬೇಕು. ತೋರಿಸುವ ಮೊದಲು ದೋಷ ಸಂಖ್ಯೆಗಳನ್ನು ಅಳಿಸಿದ್ದರೆ ಅವು ಈ ಅವಧಿಯಲ್ಲಿ ಮರಳಿ ಬರಬಹುದು.
• ದೋಷ ಸಂಖ್ಯೆಗಳ ಪಟ್ಟಿ ಮತ್ತು ದುರಸ್ತಿಯ ಬಿಲ್ಲುಗಳನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು.
• ಪರದೆಯ ಗಂಟೆ ಮೀಟರ್ ಹಾಗೂ ಇಂಜಿನ್ ಪೆಟ್ಟಿಗೆಯಲ್ಲಿ ದಾಖಲಾದ ಗಂಟೆಗಳನ್ನು ಹೋಲಿಸಿ ನೋಡಬೇಕು.

6. ಮಾಲೀಕತ್ವ ವರ್ಗಾವಣೆ ಅರ್ಜಿದಾರರ ಗಮನಕ್ಕೆ

ನೋಂದಣಿಯಾಗಿರುವ ಟೈರ್ ಚಕ್ರದ ನಿರ್ಮಾಣ ಯಂತ್ರಗಳ ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದಲ್ಲಿ ಸಾಲದ ನಮೂದು ರದ್ದತಿಗೆ ನಮೂನೆ 35 ಸಲ್ಲಿಸಬೇಕಾಗುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 50ರಂತೆ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಅರ್ಜಿಗೆ ಮುನ್ನ ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಬೇಕು.

ಮಾಲೀಕತ್ವ ವರ್ಗಾವಣೆಯು ಹೆಸರಿನ ಬದಲಾವಣೆಯೇ ಹೊರತು ಯಂತ್ರವು ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವಲ್ಲ. ಆದ್ದರಿಂದ ಮುಂಗಡ ನೀಡುವ ಮೊದಲೇ ಪರೀಕ್ಷೆ ಮಾಡಿಸಿ, ಕಂಡುಬಂದ ದೋಷಗಳನ್ನು ಹಾಗೂ ಅವುಗಳ ದುರಸ್ತಿ ವೆಚ್ಚವನ್ನು ಯಾರು ಭರಿಸುವರೆಂಬುದನ್ನು ಖರೀದಿ ಕರಾರಿನಲ್ಲಿ ಲಿಖಿತವಾಗಿ ನಮೂದಿಸಿಕೊಳ್ಳುವುದು ಉಭಯತರಿಗೂ ಕ್ಷೇಮಕರ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.