ನಳದ ಕೀಲು ಸೋರಿದಾಗ

ಮುಂಬಯಿಯಂತಹ ಊರಿನಲ್ಲಿ ಸಂಸಾರ ಹೂಡಿದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತಿಗೆ ಬರುವ ನೀರನ್ನು ಕಾದು, ಹಿಡಿದು, ತುಂಬಿಟ್ಟುಕೊಳ್ಳುವುದು ಇಲ್ಲಿನ ಅನೇಕ ಮನೆಗಳ ದಿನಚರಿ. ಆದರೂ ನಳದ ಕೀಲೊಂದು ತೊಟ್ಟಿಕ್ಕತೊಡಗಿದರೆ ಕೆಳಗೊಂದು ತಂಬಿಗೆಯಿಟ್ಟು ಸುಮ್ಮನಾಗುತ್ತೇವೆ. ಗಂಟೆಗೆ ಕಾಲು ಲೀಟರು ಸೋರಿದರೂ ದಿನಕ್ಕೆ 6 ಲೀಟರು, ತಿಂಗಳಿಗೆ 180 ಲೀಟರು ಆಯಿತು. ನೀರು ಹೋದದ್ದು ಹಾಗಿರಲಿ; ಅದು ಗೋಡೆಯೊಳಗೆ ಇಳಿದು ಕಾಂಕ್ರೀಟಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಕೆಳಮನೆಯವರ ಚಾವಣಿಯಲ್ಲಿ ಕಲೆ ಮೂಡಿಸುತ್ತದೆ, ನೆರೆಹೊರೆಯ ಸ್ನೇಹವನ್ನೂ ಕೆಡಿಸುತ್ತದೆ. ಇನ್ನೂ ದೊಡ್ಡ ಅಪಾಯವೊಂದಿದೆ. ಸರಬರಾಜು ನಿಂತು ನಳ ಬರಿದಾಗುವಾಗ ಹೊರಗಿನ ಕೊಳೆನೀರು ಅದೇ ಸಂದಿನಿಂದ ಒಳಗೆ ಸೇರಬಹುದು. ಆದಕಾರಣ ಗಟಾರದ ಬಳಿ ಹಾದುಹೋಗುವ ಕೀಲನ್ನು ಒಂದು ದಿನವೂ ಅಲಕ್ಷಿಸಬಾರದು.

ಹಳೆಯ ಕಟ್ಟಡಗಳಲ್ಲಿ ಹೆಚ್ಚಾಗಿರುವುದು ಸತುವಿನ ಲೇಪವಿರುವ ಕಬ್ಬಿಣದ ನಳ, ಅಂದರೆ ಜಿ.ಐ. ಪೈಪು. ಅದರ ತುದಿಯಲ್ಲಿ ತಿರುಪಿನ ಸುತ್ತುಗಳನ್ನು ಕೊರೆದಿರುತ್ತಾರೆ. ಇದಕ್ಕೆ ಥ್ರೆಡ್ ಎನ್ನುವುದು ವಾಡಿಕೆ. ಅರ್ಧ ಅಂಗುಲದ ಪೈಪಿನಲ್ಲಿ ಅಂಗುಲಕ್ಕೆ 14 ಸುತ್ತು. ಈ ಭಾಗ ತುದಿಯ ಕಡೆಗೆ ತುಸು ಸಣ್ಣಗಾಗುತ್ತದೆ; 16ಕ್ಕೆ 1ರ ಲೆಕ್ಕದಲ್ಲಿ ಅದರ ದಪ್ಪ ಇಳಿಯುತ್ತದೆ. ಆದ್ದರಿಂದಲೇ ತಿರುಗಿಸಿದಷ್ಟೂ ಬೆಣೆಯಂತೆ ಬಿಗಿಯುತ್ತದೆ. ಎಷ್ಟೇ ಬಿಗಿದರೂ ಲೋಹಕ್ಕೂ ಲೋಹಕ್ಕೂ ನಡುವೆ ಸುರುಳಿಯಾಕಾರದ ಕಿರಿದಾದ ದಾರಿಯೊಂದು ಉಳಿದೇ ಉಳಿಯುತ್ತದೆ. ಆ ದಾರಿಯನ್ನು ಮುಚ್ಚುವುದು ತೋಳಿನ ಬಲವಲ್ಲ, ಸುತ್ತುಗಳ ನಡುವೆ ತುಂಬಿದ ಟೇಪು ಅಥವಾ ನಾರು. ಸೋರುವ ಕೀಲನ್ನು ಹಾಗೆಯೇ ಇನ್ನಷ್ಟು ಬಿಗಿಯಹೋಗಿ ಪೈಪನ್ನೇ ಮುರಿಯುವವರು ಈ ಮಾತನ್ನು ಮರೆತಿರುತ್ತಾರೆ. ಹೊರಗಿನಿಂದ ಅಂಟು ಮೆತ್ತುವುದೂ ನಾಲ್ಕು ದಿನದ ಉಪಾಯವಷ್ಟೇ.

ಮೊದಲು ಸೋರುವ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ನೀರು ಮೇಲೆಲ್ಲೋ ಹೊರಟು ಪೈಪಿನ ಗುಂಟ ಇಳಿದು ಬೇರೆಡೆ ತೊಟ್ಟಿಕ್ಕುವುದುಂಟು. ಪೈಪನ್ನು ಚೆನ್ನಾಗಿ ಒರಸಿ, ಕೀಲುಕೀಲಿಗೂ ಒಣಗಿದ ಪತ್ರಿಕೆಯ ಪಟ್ಟಿ ಸುತ್ತಿರಿ. ಮೊದಲು ನೆನೆದದ್ದೇ ತಪ್ಪಿತಸ್ಥ.

ಬಳಿಕ ಮನೆಗೆ ಬೇಕಾದ ನೀರು ತುಂಬಿಟ್ಟುಕೊಂಡು, ಅದೇ ಸಾಲಿನ ನೆರೆಯವರಿಗೆ ತಿಳಿಸಿ, ವಾಲ್ವು ಮುಚ್ಚಿರಿ. ಗೀಸರಿದ್ದರೆ ಅದರ ವಿದ್ಯುತ್ತನ್ನೂ ಆರಿಸಬೇಕು. ಕೆಳಗಿನ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹೊರಬಿಡಿ.

ಬಿಚ್ಚುವಾಗ ಎರಡು ಪಾನಾ ಬೇಕು. ಒಂದು ಗೋಡೆಯ ಕಡೆಯ ಭಾಗವನ್ನು ಅಲುಗದಂತೆ ಹಿಡಿಯಲು, ಇನ್ನೊಂದು ತಿರುಗಿಸಲು. ಒಂದರಿಂದಲೇ ಕೆಲಸ ಮಾಡಿದರೆ ಆ ತಿರುಚು ಗೋಡೆಯೊಳಗಿನ ಕೀಲಿಗೆ ತಲುಪಿ, ಹೊರಗಿನ ಸೋರಿಕೆ ನಿಂತು ಒಳಗಿನದು ಆರಂಭವಾಗುತ್ತದೆ. ಎರಡು ತುದಿಯೂ ಗಟ್ಟಿಯಾಗಿ ಸಿಕ್ಕಿಕೊಂಡ ಪೈಪು ಒಂದು ಕಡೆ ಸಡಿಲಾದರೆ ಮತ್ತೊಂದು ಕಡೆ ಬಿಗಿಯುತ್ತದೆ. ಅಲ್ಲಿ ಹತ್ತಿರದ ಯೂನಿಯನ್ನನ್ನು ಬಿಚ್ಚಬೇಕು. ಅದಿಲ್ಲದಿದ್ದರೆ ನಲ್ಲಿಯ ತುದಿಯಿಂದ ಒಂದೊಂದಾಗಿ ಬಿಚ್ಚುತ್ತ ಬರಬೇಕು.

ತಂತಿಯ ಬ್ರಷ್ಷಿನಿಂದ ಹಳೆಯ ನಾರು, ತುಕ್ಕುಗಳನ್ನು ತೆಗೆದು ಥ್ರೆಡ್ಡನ್ನು ಪರೀಕ್ಷಿಸಿರಿ. ತುಕ್ಕು ಹಲ್ಲುಗಳನ್ನೇ ತಿಂದಿದ್ದರೆ ಪೈಪಿನ ಆ ತುಂಡನ್ನು ಬದಲಾಯಿಸದೆ ಗತಿಯಿಲ್ಲ. ಚೆನ್ನಾಗಿದ್ದರೆ ಅದರ ಮೇಲೆ ಟೆಫ್ಲಾನ್ ಟೇಪು ಸುತ್ತಬೇಕು. ಪೈಪಿನ ತುದಿ ನಿಮ್ಮ ಮುಖಕ್ಕೆ ಎದುರಾಗಿರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಎಳೆದು ಹಿಡಿದು, ಐದಾರು ಸುತ್ತು ಸುತ್ತಿರಿ. ಟೇಪು ತೀರ ತೆಳುವಾಗಿದ್ದರೆ ಇನ್ನೂ ಎರಡು ಮೂರು ಹೆಚ್ಚಾಗಲಿ. ದಿಕ್ಕು ತಪ್ಪಿದರೆ ಜೋಡಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ತುದಿಯ ಮೊದಲ ಸುತ್ತನ್ನು ಬರಿದಾಗಿ ಬಿಟ್ಟರೆ ಟೇಪಿನ ಚೂರು ನೀರಿಗೆ ಬೀಳದು. ಹಿಂದೆ ಸಣಬಿನ ನಾರಿಗೆ ಸೀಸದ ಬಿಳಿ ಬಣ್ಣವಾದ ಸಫೇದ ಬಳಿಯುತ್ತಿದ್ದರು. ಸೀಸ ವಿಷ, ಕುಡಿಯುವ ನೀರಿನ ನಳಕ್ಕೆ ಅದು ಬೇಡ.

ಈಗ ಕೈಯಿಂದ ಆದಷ್ಟು ತಿರುಗಿಸಿ, ಆಮೇಲೆ ಪಾನಾದಿಂದ ಸುಮಾರು ಒಂದೂವರೆ, ಎರಡು ಸುತ್ತು ಬಿಗಿಯಿರಿ. ಎರಡು ಮೂರು ಥ್ರೆಡ್ ಹೊರಗೆ ಕಾಣುತ್ತಿದ್ದರೆ ಗಾಬರಿಯಿಲ್ಲ. ನಲ್ಲಿಯ ಮುಖ ನೇರವಾಗಲೆಂದು ಎಂದೂ ಹಿಂದಕ್ಕೆ ತಿರುಗಿಸಬಾರದು. ಕೂತ ಟೇಪು ಅಲ್ಲಿಗೆ ಸಡಿಲವಾಯಿತು. ಮುಂದಕ್ಕೇ ತಿರುಗಿಸಿ ಸರಿಪಡಿಸಿ, ಇಲ್ಲವೆ ಬಿಚ್ಚಿ ಹೊಸ ಟೇಪು ಸುತ್ತಿರಿ. ವಾಲ್ವನ್ನು ಮೆಲ್ಲನೆ ತೆರೆದು, ಪತ್ರಿಕೆಯ ಪಟ್ಟಿಯನ್ನು ಮತ್ತೆ ಸುತ್ತಿ, ರಾತ್ರಿಯಿಡೀ ಬಿಟ್ಟು ನೋಡಿರಿ.

ಈ ಕ್ರಮ ಎಲ್ಲ ಕೀಲಿಗೂ ಸಲ್ಲದು. ಯೂನಿಯನ್ನಿನಲ್ಲಿಯೂ ರಬ್ಬರು ವಾಷರಿರುವ ಬಳುಕುವ ಕೊಳವೆಯಲ್ಲಿಯೂ ನೀರು ತಡೆಯುವುದು ಒತ್ತಿಕೂತ ಮುಖ ಅಥವಾ ವಾಷರು. ಅಲ್ಲಿ ಟೇಪು ಸುತ್ತಿ ಫಲವಿಲ್ಲ. ಹೊಸ ಮನೆಗಳ ಪ್ಲಾಸ್ಟಿಕ್ ಥ್ರೆಡ್ ಜೋರಾಗಿ ಬಿಗಿದರೆ ಸೀಳುತ್ತದೆ. ಕೈಬಿಗಿತದ ಮೇಲೆ ಸ್ವಲ್ಪ ತಿರುವು ಸಾಕು. ಗೋಡೆಯೊಳಗೆ ಹುದುಗಿದ ಕೀಲಾದರೆ ಪ್ಲಂಬರನ್ನೇ ಕರೆಯುವುದು ಲೇಸು. ಆಗಲೂ ಅವನ ಕೈಯಲ್ಲಿ ಪಾನಾ ಎರಡಿದೆಯೇ ಎಂಬುದನ್ನು ಮನೆಯವರು ಗಮನಿಸಬೇಕು.