ಭೂಸಂರಕ್ಷಣಾ ಸಂಘವೂ ಮುಯ್ಯಾಳಿನ ಕೆಲಸವೂ

ಮುಂಗಾರಿನ ಮೊದಲ ದೊಡ್ಡ ಮಳೆಯಾದ ಮಾರನೆಯ ದಿನ ಹಳ್ಳದ ನೀರು ಕೆಂಪಾಗಿಯೋ ಕಪ್ಪಾಗಿಯೋ ಹರಿಯುವುದನ್ನು ರೈತರೆಲ್ಲರೂ ಕಂಡಿರುವರು. ಆ ಬಣ್ಣವು ನೀರಿನದಲ್ಲ, ಹೊಲದ ಮೇಲ್ಮಣ್ಣಿನದು. ಬೇಸಗೆಯಲ್ಲಿ ಗಾಡಿಗಟ್ಟಲೆ ಹೇರಿದ ಗೊಬ್ಬರದ ಸಾರವೂ ಅದರೊಡನೆಯೇ ಹೋಗುವುದು. ನಮ್ಮ ದೇಶದ ಮಣ್ಣು ತಜ್ಞರು 1983ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹೆಕ್ಟೇರೊಂದಕ್ಕೆ ವರ್ಷಕ್ಕೆ ಸರಾಸರಿ 16 ಟನ್ನಿಗೂ ಮಿಕ್ಕಿ ಮಣ್ಣು ತನ್ನ ನೆಲೆಯನ್ನು ಬಿಟ್ಟು ಸರಿಯುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಇದು ಸುಮಾರು ಆರೂವರೆ ಟನ್ ಆಗುವುದು. ಒಂದು ಎಕರೆಯ ಮೇಲೆ ಒಂದು ಅಂಗುಲ ದಪ್ಪವಾಗಿ ಹರಡಿರುವ ಮಣ್ಣು ಸುಮಾರು 150 ಟನ್ ತೂಗುವುದರಿಂದ, ಈ ಸರಾಸರಿಯಂತೆಯೇ ನಡೆದರೂ ಇಪ್ಪತ್ತಮೂರು ವರ್ಷಗಳಲ್ಲಿ ಒಂದು ಅಂಗುಲ ನೆಲವು ಹೋಗಿಬಿಡುವುದು. ಇಳಿಜಾರಿನ ಹೊಲಗಳಲ್ಲಿ ನಷ್ಟವು ಇದಕ್ಕಿಂತ ಹೆಚ್ಚು. ತಂದೆಯು ಉತ್ತ ಮಣ್ಣನ್ನು ಮಗನು ಕಾಣಬೇಕಾದರೆ ಕೆರೆಯ ಹೂಳಿನಲ್ಲಿ ಹುಡುಕಬೇಕಾದೀತು.

ಇದಕ್ಕೆ ಪರಿಹಾರವೇನೆಂಬುದು ಹೊಸತಾಗಿ ಹೇಳಬೇಕಾದ ವಿಷಯವಲ್ಲ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಹರಿಯುವ ನೀರನ್ನು ನಡೆಯುವಂತೆ ಮಾಡಿ, ನಡೆಯುವ ನೀರನ್ನು ನಿಲ್ಲುವಂತೆ ಮಾಡಬೇಕು. ಆದರೆ ಒಬ್ಬ ರೈತನು ತನ್ನ ಹೊಲವೊಂದಕ್ಕೆ ಮಾತ್ರ ಬದು ಹಾಕಿದರೆ ಸಾಲದು. ನೀರಿಗೆ ಸರ್ವೆ ಕಲ್ಲಿನ ಗುರುತು ತಿಳಿಯದು. ಮೇಲಿನ ಹೊಲದವನು ಸುಮ್ಮನಿದ್ದರೆ ಅವನ ನೀರೆಲ್ಲವೂ ಕೆಳಗಿನವನ ಬದುವಿನ ಮೇಲೆ ಒಮ್ಮೆಗೇ ಬಿದ್ದು ಅದನ್ನು ಒಡೆಯುವುದು. ಮೇಲಿನವನು ಬದು ಹಾಕಿ ಅದರ ಕೋಡಿಯನ್ನು ನೆರೆಯವನ ಬಿತ್ತನೆಯ ಮೇಲೆ ತಿರುಗಿಸಿದರೆ ಮಣ್ಣಿನ ಕೆಲಸವು ಕಚೇರಿಯ ವ್ಯಾಜ್ಯವಾಗುವುದು. ಈ ಕಾರಣದಿಂದಲೇ, ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1942ರಲ್ಲಿ, ಅಲ್ಲಿನ ಸರ್ಕಾರದವರು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿದರು. ಬಿಡಿ ಹೊಲವನ್ನಲ್ಲ, ಒಂದು ಪ್ರದೇಶವನ್ನು ಒಟ್ಟಾಗಿ ಹಿಡಿದು ಬದುಗಳನ್ನು ಹಾಕುವುದು ಅದರ ಉದ್ದೇಶವಾಗಿತ್ತು. ಆದರೆ ಕಾಯಿದೆಯಿಂದ ಹಾಕಿಸಿದ ಬದುವನ್ನು ಕಾಯಿದೆಯು ಕಾಯಲಾರದು. ಅದನ್ನು ಕಾಯಬೇಕಾದವರು ಊರಿನವರೇ. ಸಂಘದ ಅಗತ್ಯವು ಹುಟ್ಟುವುದು ಇಲ್ಲಿಯೇ.

ಇಂತಹ ಸಂಘಗಳಲ್ಲಿ ಶ್ರಮದಾನದ ಮಾತು ಮೊದಲು ಬರುತ್ತದೆ. ಒಂದು ದಿನ ಗುದ್ದಲಿ ಹಿಡಿದು, ಚಿತ್ರ ತೆಗೆಸಿಕೊಂಡು, ಫಲಾಹಾರ ಮಾಡಿ ಮನೆಗೆ ಹೋಗುವುದನ್ನು ಶ್ರಮದಾನವೆಂದು ಕರೆಯುವವರೂ ಉಂಟು. ಕೆಲಸದ ಪ್ರಮಾಣವನ್ನು ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುವುದು. ನೂರು ಅಡಿಗೆ ಮೂರು ಅಡಿ ಇಳಿಜಾರಿರುವ ಕೆಂಪು ನೆಲದಲ್ಲಿ ಸುಮಾರು ನೂರು ಅಡಿಗೊಂದು ಬದು ಬೇಕು. ಎಂದರೆ ಎಕರೆಗೆ ಹೆಚ್ಚುಕಡಮೆ 435 ಅಡಿ ಉದ್ದ. ತಳ 6 ಅಡಿ, ನೆತ್ತಿ ಒಂದೂವರೆ ಅಡಿ, ಎತ್ತರ 2 ಅಡಿ ಎಂದಿಟ್ಟುಕೊಂಡರೆ ಎಕರೆಗೆ 3,250 ಘನ ಅಡಿಗೂ ಹೆಚ್ಚು ಮಣ್ಣನ್ನು ಅಗೆದು ಹಾಕಬೇಕು. ಮೆದು ನೆಲದಲ್ಲಿ ಒಂದಾಳು ದಿನಕ್ಕೆ 65 ಘನ ಅಡಿ ಅಗೆಯುವನೆಂದು ಹಿಡಿದರೂ, ಎಕರೆಗೆ ಐವತ್ತು ಆಳುಗಳ ದುಡಿಮೆ ಆಯಿತು. ಹತ್ತು ಎಕರೆಯ ಜಮೀನುದಾರನಿಗೆ ಐನೂರು ಆಳು.

ಈ ಐನೂರು ಆಳುಗಳನ್ನು ಯಾರು ಕೊಡುವರು? ಗ್ರಾಮದ ಮುಖಂಡರು ವಿಶೇಷವಾಗಿ ಯೋಚಿಸತಕ್ಕ ಪ್ರಶ್ನೆಯಿದು. ಮುಖಂಡರು ಡಂಗುರ ಹೊಯ್ಯಿಸಿ ಮನೆಗೊಬ್ಬರು ಬರಬೇಕೆಂದರೆ ಭೂಮಿಯಿಲ್ಲದ ಕೂಲಿಯವನೂ ಬರುವನು. ಬಾರದಿದ್ದರೆ ನಾಳೆ ಕೆಲಸ ಸಿಕ್ಕದೆಂಬ ಭಯವು ಅವನಿಗಿರುವುದು. ಅವನ ಬೆವರಿನಿಂದ ಬೆಳೆಯು ಹೆಚ್ಚುವುದು ಜಮೀನುದಾರನ ಹೊಲದಲ್ಲಿ. ಇದನ್ನು ಶ್ರಮದಾನವೆಂದು ಹೇಳುವುದು ಸಲ್ಲದು. ನಮ್ಮ ಹಿರಿಯರು ಇದಕ್ಕೆ ಬಿಟ್ಟಿಯೆಂಬ ಬೇರೆಯ ಹೆಸರನ್ನೇ ಇಟ್ಟಿದ್ದರು. ಬಿಟ್ಟಿಯಿಂದಾದ ಬದುವು ಒಂದು ಮಳೆಗಾಲಕ್ಕಿಂತ ಹೆಚ್ಚು ಬಾಳುವುದು ಅಪರೂಪ. ಕಟ್ಟಿದವನಿಗೆ ಅದು ಉಳಿದರೂ ಒಂದೇ, ಒಡೆದರೂ ಒಂದೇ.

ಮುಯ್ಯಾಳಿನ ಪದ್ಧತಿ ಇದಕ್ಕಿಂತ ಭಿನ್ನವಾದುದು. ನಾಟಿ, ಕಳೆ, ಕೊಯ್ಲುಗಳಲ್ಲಿ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಆಳಿಗೆ ಆಳನ್ನು ತೀರಿಸುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ಬದುವಿನ ಕೆಲಸಕ್ಕೂ ಇದೇ ತಕ್ಕದ್ದು. ಸಂಘವು ಒಂದು ಪುಸ್ತಕವನ್ನಿಟ್ಟು, ಯಾರು ಯಾರ ಹೊಲದಲ್ಲಿ ಎಷ್ಟು ದಿನ ದುಡಿದರೆಂದು ಬರೆಯಲಿ. ದೊಡ್ಡ ಹಿಡುವಳಿಯವರು ತಾವಾಗಿ ಅಷ್ಟು ಆಳುಗಳನ್ನು ತೀರಿಸಲಾರರಾದರೆ ಹಣದಿಂದ ತೀರಿಸಲಿ. ಭೂಮಿಯಿಲ್ಲದವರಿಗೆ ಸಲ್ಲತಕ್ಕ ಕೂಲಿಯನ್ನು ಆ ವಾರದಲ್ಲಿಯೇ ಕೊಡಲಿ. ನಿಜವಾದ ದಾನವಾಗಿ ಎಲ್ಲರ ಶ್ರಮವನ್ನೂ ಕೇಳಬಹುದಾದ ಸ್ಥಳಗಳು ಬೇರೆ ಇವೆ: ಗೋಮಾಳ, ಗುಂಡುತೋಪು, ಕೆರೆಗೆ ನೀರು ತರುವ ಕಾಲುವೆ, ಕುಡಿಯುವ ನೀರಿನ ಬಾವಿಯ ಮೇಲಿನ ಗುಡ್ಡ. ಅಲ್ಲಿ ಎಲ್ಲರಿಗೂ ಪಾಲಿದೆ.

ಪಾಲಿನ ಮಾತಿಗೆ ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯು ಒಳ್ಳೆಯ ನಿದರ್ಶನ. ಚಂಡೀಗಢ ನಗರಕ್ಕಾಗಿ 1958ರಲ್ಲಿ ನಿರ್ಮಿಸಿದ ಸುಖ್ನಾ ಕೆರೆಯು ಬೇಗನೆ ಹೂಳಿನಿಂದ ತುಂಬತೊಡಗಿತು. 1970ರ ದಶಕದಲ್ಲಿ ಪಿ. ಆರ್. ಮಿಶ್ರ ಎಂಬ ಭೂಸಂರಕ್ಷಣಾ ತಜ್ಞರು ಹೂಳಿನ ಮೂಲವನ್ನು ಹುಡುಕುತ್ತ ಶಿವಾಲಿಕ್ ಗುಡ್ಡಗಳ ಈ ಬಡ ಹಳ್ಳಿಗೆ ಬಂದರು. ಗುಡ್ಡವನ್ನು ಆಡು ದನಗಳು ಬೋಳುಮಾಡಿದ್ದವು. ಮೇಯಿಸಬೇಡಿರೆಂಬ ಉಪದೇಶವು ಹೊಟ್ಟೆಗಿಲ್ಲದವರ ಕಿವಿಗೆ ಹೋಗಲಿಲ್ಲ. ಆಗ ಅಲ್ಲಿಯೇ ಮಣ್ಣಿನ ಚಿಕ್ಕ ಕಟ್ಟೆಯನ್ನು ಹಾಕಿ ನೀರನ್ನು ಊರಿಗೆ ಕೊಟ್ಟರು. ಆ ನೀರಿನಲ್ಲಿ ಮನೆಮನೆಗೂ ಸಮನಾದ ಪಾಲನ್ನು, ಭೂಮಿಯಿಲ್ಲದವರಿಗೂ ಸೇರಿಸಿ, ಗೊತ್ತುಮಾಡಿದರು. ಭೂಮಿಯಿಲ್ಲದವನು ತನ್ನ ಪಾಲಿನ ನೀರನ್ನು ಭೂಮಿಯುಳ್ಳವನಿಗೆ ಮಾರಬಹುದಾಗಿತ್ತು. ಅನಂತರ ಗುಡ್ಡಕ್ಕೆ ಬೇಲಿಯ ಅಗತ್ಯವೇ ಬೀಳಲಿಲ್ಲ. ಹುಲ್ಲು ಬೆಳೆಯಿತು, ಹೂಳು ಬಹಳವಾಗಿ ತಗ್ಗಿತು. ಜಮೀನುದಾರರಿಗೆ ಈ ಏರ್ಪಾಡು ಮೊದಲು ಕಹಿಯಾಗಿ ತೋರಬಹುದು. ಆದರೆ ಅಲ್ಲಿ ಗುಡ್ಡ ಉಳಿದುದು ಇದರಿಂದಲೇ.

ಮುಖಂಡನೊಬ್ಬನು ಏನು ಮಾಡಬಲ್ಲನೆಂಬುದಕ್ಕೆ ಮಹಾರಾಷ್ಟ್ರದ ಅಹಮದ್‌ನಗರವೆಂದು ಹಿಂದೆ ಕರೆಯುತ್ತಿದ್ದ ಸೀಮೆಯ ಹಿವರೆ ಬಾಜಾರನ್ನು ನೋಡಬಹುದು. 1989ರಲ್ಲಿ ಅಲ್ಲಿನ ಸರಪಂಚರಾದ ಪೋಪಟರಾವ್ ಪವಾರರು ಊರಿನವರ ಶ್ರಮದಿಂದ ಗುಡ್ಡದ ಕಂದಕಗಳನ್ನೂ ಒಡ್ಡುಗಳನ್ನೂ ಮಾಡಿಸಿದರು. ಮರ ಕಡಿಯಕೂಡದು, ದನಗಳನ್ನು ಗುಡ್ಡಕ್ಕೆ ಬಿಡಕೂಡದು, ಬೇಸಾಯಕ್ಕಾಗಿ ಕೊಳವೆಬಾವಿ ತೋಡಕೂಡದು ಎಂಬ ಕಟ್ಟಳೆಗಳನ್ನು ಊರೇ ಒಪ್ಪಿಕೊಂಡಿತು. ಮೂರನೆಯದೇ ಕಠಿನವಾದುದು, ಏಕೆಂದರೆ ಅದು ಉಳ್ಳವರ ಕೈಯನ್ನು ಕಟ್ಟುತ್ತದೆ. ನೂರು ಮಂದಿ ಇಂಗಿಸಿದ ನೀರನ್ನು ಒಬ್ಬನ ಯಂತ್ರವು ಎತ್ತಿಬಿಟ್ಟರೆ ಮುಂದಿನ ವರ್ಷ ಗುದ್ದಲಿ ಹಿಡಿಯಲು ಯಾರು ಬರುವರು?

ಇನ್ನು ಕೆಲಸದ ಕ್ರಮ. ಬದುವನ್ನು ಕಣ್ಣಳತೆಯಿಂದ ಎಳೆಯಬಾರದು. ನೀರು ತುಂಬಿದ ಪಾರಕ ರಬ್ಬರು ಕೊಳವೆಯೂ ಅಡಿಯ ಗುರುತುಳ್ಳ ಎರಡು ಕೋಲುಗಳೂ ಇದ್ದರೆ ಸಮಮಟ್ಟವನ್ನು ಯಾರಾದರೂ ಹಿಡಿಯಬಹುದು. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ನೋಡಿದರಾಯಿತು. ಕೆಲಸವು ದಿಣ್ಣೆಯ ನೆತ್ತಿಯಿಂದ ಆರಂಭವಾಗಿ ಹಳ್ಳಕ್ಕೆ ಇಳಿಯತಕ್ಕದ್ದು. ಮುಖಂಡರ ಹೊಲ ಕೆಳಗಿದೆಯೆಂದು ಅಲ್ಲಿಂದ ಆರಂಭಿಸಿದರೆ ಮೊದಲ ಮಳೆಯೇ ಅದನ್ನು ತೊಳೆಯುವುದು. ಆಳವಾದ ಎರೆ ಭೂಮಿಯಲ್ಲಿ ಸಮಮಟ್ಟದ ಬದುವು ಬೇಸಗೆಯಲ್ಲಿ ಬಿರಿದು, ಮಳೆಯಲ್ಲಿ ನೀರು ನಿಂತು ಒಡೆಯುವುದರಿಂದ, ಅಲ್ಲಿ ಬದುವಿಗೆ ಸ್ವಲ್ಪ ಓಟ ಕೊಟ್ಟು ನೀರನ್ನು ಹುಲ್ಲುಗಾವಲಿನ ಕಾಲುವೆಗೆ ಮೆಲ್ಲನೆ ಬಿಡಬೇಕು. ಹೊಸ ಮಣ್ಣು ಕುಸಿಯುವುದರಿಂದ ಅಳತೆಗಿಂತ ನಾಲ್ಕೈದು ಅಂಗುಲ ಹೆಚ್ಚಾಗಿ ಏರಿಸಬೇಕು. ಕೋಡಿಗೆ ಕಲ್ಲು ಹಾಸದೆ ಬಿಡಬಾರದು. ಕೋಡಿಯ ಸ್ಥಳವನ್ನು ಮೇಲಿನ ಮತ್ತು ಕೆಳಗಿನ ಹೊಲದವರಿಬ್ಬರೂ ಎದುರಿದ್ದು ಗೊತ್ತುಮಾಡಿ, ಸಂಘದ ಪುಸ್ತಕದಲ್ಲಿ ರುಜು ಹಾಕತಕ್ಕದ್ದು.

ಬದುವಿನ ಮೇಲೆ ಲಾವಂಚವನ್ನು ನೆಡುವುದು ಉತ್ತಮ. ಗುಂಡ್ಲುಪೇಟೆಯ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಇದನ್ನೇ ನೆಡುತ್ತ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚದ ಗುಣವನ್ನು ಲೋಕಕ್ಕೆ ಸಾರಿದಾಗ ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕಿಳಿಯುವುದರಿಂದ ಬೆಳೆಗೆ ಬಾಧೆಯಿಲ್ಲ. ಬಲಿತ ಗರಿಯನ್ನು ದನ ಮುಟ್ಟುವುದಿಲ್ಲ. ಸಸಿಗಳನ್ನು ಮಳೆ ಹಿಡಿದ ಮೇಲೆ ನಾಲ್ಕರಿಂದ ಆರು ಅಂಗುಲಕ್ಕೊಂದರಂತೆ ಒತ್ತಾಗಿ ನೆಡಬೇಕು; ಸಂದು ಬಿಟ್ಟರೆ ನೀರು ಆ ಸಂದನ್ನೇ ಹುಡುಕುವುದು.

ಮಣ್ಣಿನ ಕೆಲಸಕ್ಕೆ ಯುಗಾದಿಯಿಂದ ಕೃತ್ತಿಕಾ ಮಳೆಯವರೆಗಿನ ಬಿಡುವು ಅನುಕೂಲವಾದುದು. ಅಶ್ವಿನಿ ಭರಣಿಗಳ ಹದದಲ್ಲಿ ನೆಲವು ಮೆತ್ತಗಾಗಿ ಅಗೆತ ಸುಲಭವಾಗುವುದು. ಆದರೆ ಸಂಘದ ನಿಜವಾದ ಕೆಲಸವಿರುವುದು ಮಳೆ ಬಿದ್ದ ಮೇಲೆ. ಮೊದಲ ಎರಡು ಮೂರು ದೊಡ್ಡ ಮಳೆಗಳಲ್ಲಿ ಸರದಿಯ ಮೇಲೆ ಇಬ್ಬಿಬ್ಬರು ಬದುಗಳುದ್ದಕ್ಕೂ ನಡೆದು, ಇಲಿಯ ಬಿಲ, ಕುಸಿದ ನೆತ್ತಿ, ಕೊರೆದ ಕೋಡಿಗಳನ್ನು ನೋಡಿ ಬರಬೇಕು. ಒಡಕು ಗೇಣಗಲವಿರುವಾಗ ಒಬ್ಬನ ಒಂದು ಗಳಿಗೆಯ ಕೆಲಸ. ಅದನ್ನು ಬಿಟ್ಟರೆ ವಾರದಲ್ಲಿ ಹತ್ತಾಳಿನ ಕೆಲಸ. ಆ ಸರದಿಯ ಪಟ್ಟಿಯನ್ನು ರೋಹಿಣಿ ಮಳೆಗೆ ಮುಂಚೆಯೇ ಬರೆದು ಚಾವಡಿಯ ಗೋಡೆಗೆ ಅಂಟಿಸಿ, ಅದರಲ್ಲಿ ಮೊದಲ ಹೆಸರು ಮುಖಂಡರದೇ ಇರುವಂತೆ ಏರ್ಪಡಿಸತಕ್ಕದ್ದು.