ಕೀಲುನೋವಿನಲ್ಲಿ ವಂಶದ ಪಾಲು

ವಯಸ್ಸಾದವರು ಮಂಡಿಯ ಮೇಲೆ ಕೈಯೂರಿ ಮೇಲೇಳುವಾಗ, ‘ಇದು ನಮ್ಮ ವಂಶದ ಕಾಯಿಲೆ, ತಾಯಿಗೂ ಇತ್ತು’ ಎಂದು ಹೇಳಿಕೊಳ್ಳುವುದು ಮನೆಮನೆಯ ಮಾತು. ಈ ಮಾತಿನಲ್ಲಿ ಸತ್ಯಾಂಶವೆಷ್ಟು, ಭ್ರಾಂತಿಯೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯಕ. ವಂಶದಿಂದ ಬಂದುದನ್ನು ಹಣೆಬರಹವೆಂದು ಬಗೆದು ಚಿಕಿತ್ಸೆಯನ್ನೇ ಕೈಬಿಡುವವರುಂಟು. ಹೆಣ್ಣು ಕೊಟ್ಟ ಮನೆಯನ್ನು ಹಳಿಯುವವರೂ ಉಂಟು.

ಎರಡು ಎಲುಬುಗಳು ಕೂಡುವೆಡೆಯಲ್ಲಿ ಅವುಗಳ ತುದಿಯನ್ನು ನುಣುಪಾದ ಮೃದ್ವಸ್ಥಿಯೊಂದು ಹೊದ್ದಿರುತ್ತದೆ. ಅದು ಕ್ರಮೇಣ ಸವೆದು, ಕೆಳಗಿನ ಎಲುಬು ಗಡುಸಾಗಿ, ಅಂಚಿನಲ್ಲಿ ಮೊನೆಗಳೆದ್ದು, ಕೀಲು ಬಿಗಿಯುವುದೇ ಸಂಧಿವಾತ. ದೇಹದ ಭಾರವನ್ನು ಹೊರುವ ಮಂಡಿ ಮತ್ತು ಸೊಂಟದ ಕೀಲುಗಳಲ್ಲಿ ಇದರ ಬಾಧೆ ಅಧಿಕ. ಮೃದ್ವಸ್ಥಿಯ ಹಂದರವು ಕೊಲ್ಲಾಜೆನ್ ಮೊದಲಾದ ಸಸಾರಜನಕ ವಸ್ತುಗಳಿಂದಾದುದು. ಅವುಗಳ ರಚನೆಗೆ ಬೇಕಾದ ಆದೇಶವು ವಂಶವಾಹಿಗಳಲ್ಲಿ ಅಡಗಿದೆ. ಆದುದರಿಂದ ವಂಶಕ್ಕೂ ಕೀಲಿಗೂ ಸಂಬಂಧವಿರುವುದು ಸಹಜವೇ. ಆದರೆ ಆ ಸಂಬಂಧವು ಎರಡು ಬಗೆಯದು.

ಮೊದಲನೆಯ ಬಗೆಗೆ ನಿದರ್ಶನವು ನಮ್ಮ ಮಲೆನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ವಿಚಿತ್ರವಾದ ಕೀಲುರೋಗವೊಂದು ವೈದ್ಯರ ಗಮನಕ್ಕೆ ಬಂದಿತು. ಬಡ ದಲಿತ ಕುಟುಂಬಗಳಲ್ಲಿ ಎಳೆಯರಿಗೂ ಪ್ರಾಯದವರಿಗೂ ಸೊಂಟ, ಮಂಡಿಗಳ ನೋವು ತೊಡಗಿ, ನಡೆಯುವುದೇ ದುಸ್ತರವಾಗುತ್ತಿತ್ತು. ಕೆಲವರ ಬೆಳವಣಿಗೆಯೂ ಕುಂಠಿತವಾಗಿತ್ತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಸೇರಿದ ಏಡಿಗಳನ್ನು ತಿಂದುದೇ ಕಾರಣವಿರಬೇಕೆಂದು ಆಗ ಸಂಶಯಪಡಲಾಯಿತು. 1977ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿರೋಗ’ವೆಂದು ಕರೆಯಿತು. ರೋಗವು ವಂಶಾವಳಿಯ ಎಳೆಯನ್ನೇ ಹಿಡಿದು ಸಾಗುತ್ತಿದೆಯೆಂಬುದು ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇದು ಎಲುಬಿನ ಬೆಳವಣಿಗೆಯಲ್ಲಿಯೇ ಇರುವ ದೋಷ. ಸಂಧಿವಾತವು ಅದರ ಪರಿಣಾಮ.

ಇಂಥ ದೋಷವನ್ನು ತಜ್ಞರು ಪ್ರಬಲ ಗುಣವೆನ್ನುತ್ತಾರೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಒಂದು ಪ್ರತಿ ಬಂದರೂ ಸಾಕು, ರೋಗ ತೋರಬಹುದು. ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಗಂಡುಮಗುವಿಗೂ ಹೆಣ್ಣುಮಗುವಿಗೂ ಸಂಭವ ಸಮಾನ. ಹೀಗಿರುವಲ್ಲಿ ಸೊಸೆಯನ್ನೋ ಬೀಗರನ್ನೋ ದೂರುವುದಕ್ಕೆ ಆಧಾರವೆಲ್ಲಿ? ಇದು ಯಾರ ಪಾಪದ ಫಲವೂ ಅಲ್ಲ, ಮುಟ್ಟಿದರೆ ಹರಡುವುದೂ ಅಲ್ಲ.

ಸಾಮಾನ್ಯರ ಮಂಡಿನೋವು ಎರಡನೆಯ ಬಗೆಗೆ ಸೇರಿದುದು. ಇಲ್ಲಿ ಒಂದು ವಂಶವಾಹಿಯ ಆಳ್ವಿಕೆಯಿಲ್ಲ. ನೂರಾರು ವ್ಯತ್ಯಾಸಗಳು ತಲಾ ಅಲ್ಪಸ್ವಲ್ಪ ಭಾರ ಹಾಕುತ್ತವೆ. 2007ರಲ್ಲಿ ಜಪಾನಿನ ವಿಜ್ಞಾನಿಗಳು ‘ಜಿಡಿಎಫ್ 5’ ಎಂಬ ವಂಶವಾಹಿಯಲ್ಲಿ ಅಂಥದೊಂದು ವ್ಯತ್ಯಾಸವನ್ನು ತೋರಿಸಿಕೊಟ್ಟರು. ಗರ್ಭದಲ್ಲಿ ಕೀಲುಗಳು ರೂಪುಗೊಳ್ಳುವಾಗ ನೆರವಾಗುವ ವಸ್ತುವೊಂದರ ಉತ್ಪತ್ತಿಯನ್ನು ಅದು ತುಸು ತಗ್ಗಿಸುತ್ತದೆ. 2025ರಲ್ಲಿ ಪ್ರಕಟವಾದ, ಸುಮಾರು 19 ಲಕ್ಷ 60 ಸಾವಿರ ಜನರ ಮಾಹಿತಿಯನ್ನಾಧರಿಸಿದ ಸಂಶೋಧನೆಯು ಇಂಥ 962 ಸಂಬಂಧಗಳನ್ನು ಗುರುತಿಸಿದೆ.

ಅವಳಿ ಸೋದರಿಯರನ್ನು ಹೋಲಿಸಿದ 1996ರ ಇಂಗ್ಲೆಂಡಿನ ಅಧ್ಯಯನದಲ್ಲಿ, ಮಂಡಿ ಮತ್ತು ಕೈಗಳ ಸಂಧಿವಾತದಲ್ಲಿ ಆನುವಂಶಿಕತೆಯ ಪಾಲು ಶೇಕಡಾ 39ರಿಂದ 65 ಎಂದು ಅಂದಾಜಾಯಿತು. ಈ ಅಂಕೆಯನ್ನು ತಪ್ಪಾಗಿ ತಿಳಿಯಬಾರದು. ತಾಯಿಗಿದ್ದರೆ ಮಗಳಿಗೆ ಬರುವ ಸಂಭವವಿಷ್ಟು ಎಂದು ಇದರ ಅರ್ಥವಲ್ಲ. ಒಂದು ಜನಸಮುದಾಯದಲ್ಲಿ ವ್ಯಕ್ತಿವ್ಯಕ್ತಿಗಳ ನಡುವೆ ಕಾಣುವ ಅಂತರದಲ್ಲಿ ವಂಶದ ಪಾಲೆಷ್ಟು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಮಿಕ್ಕ ಪಾಲು ದೇಹದ ತೂಕ, ದುಡಿಮೆಯ ಬಗೆ, ಹಿಂದಿನ ಪೆಟ್ಟು ಮುಂತಾದವುಗಳದು.

ಈ ಮಿಕ್ಕ ಪಾಲಿನಲ್ಲಿಯೇ ಮನುಷ್ಯಪ್ರಯತ್ನಕ್ಕೆ ಎಡೆಯಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಮಹಿಳೆಯರನ್ನು ಕುರಿತ 1992ರ ವರದಿಯ ಪ್ರಕಾರ, 10 ವರ್ಷಗಳಲ್ಲಿ ಸುಮಾರು 5 ಕಿಲೋ ತೂಕ ಇಳಿದವರಲ್ಲಿ ನೋವಿನಿಂದ ಕೂಡಿದ ಮಂಡಿ ಸಂಧಿವಾತದ ಸಂಭವವು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ಮಿತವಾದ ವ್ಯಾಯಾಮವೂ ನೋವನ್ನು ತಗ್ಗಿಸುತ್ತದೆ. ನೋವೆಂದು ಸದಾ ಕುಳಿತೇ ಇರುವುದು ಕೀಲಿಗೆ ಉಪಕಾರವಲ್ಲ.

ಹಂದಿಗೋಡಿನಂಥ ರೋಗವುಳ್ಳ ಮನೆತನಗಳಿಗೆ ಬೇಕಾದುದು ವೈದ್ಯರ ಆನುವಂಶಿಕ ಸಲಹೆ, ಚಿಕಿತ್ಸೆ ಮತ್ತು ನೆರೆಹೊರೆಯವರ ಆದರ. ಸಾಮಾನ್ಯ ಮಂಡಿನೋವಿನವರಿಗೆ ಬೇಕಾದುದು ಸಕಾಲದ ಎಚ್ಚರ. ತಾಯಿಯ ಮಂಡಿಯನ್ನು ಕಂಡ ಮಗಳು ಅದನ್ನು ತೀರ್ಪೆಂದು ಓದಬೇಕಾಗಿಲ್ಲ, ಮುನ್ಸೂಚನೆಯೆಂದು ಓದಿದರೆ ಸಾಕು. ವಂಶವು ಕೊಟ್ಟ ಕೀಲನ್ನು ಬದಲಿಸಿಕೊಂಡು ಹುಟ್ಟುವುದು ಯಾರ ಕೈಯಲ್ಲೂ ಇಲ್ಲ. ಅದರ ಮೇಲೆ ಹೊರಿಸುವ ಭಾರವನ್ನು ಹಗುರ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.